ಬಿಸಿಯಾದ ಮೇಲಿನ ನಂಬರು

ಹಲೋ… ಹಲೋ, ಯಾರು ಮಾತಾಡ್ತಿರೋದು? ಯಾರು ಬೇಕಿತ್ತು ನಿಮಗೆ?

…ಹಾಂ, ಟೈಲರಮ್ಮ ನಾನೇ. ಬಟ್ಟೆ ಹೊಲಿಯೋದಾದ್ರೆ ಈ ವಾರ ಆಗಲ್ಲ ನೋಡಿ, ಶಾಲೆ ಯೂನಿಫಾರಂ ಕುತ್ತಿಗೆವರೆಗೂ ಬಂದಿದೆ… ಬಟ್ಟೆ ವಿಷಯ ಅಲ್ವಾ? ಮತ್ತೆ?

…ಪೆಟ್ರೋಲ್ ಬಂಕಿನ ಅಂಗಡಿಯಿಂದಾ? ಯಾವ ಬಂಕು… ಘಾಟಿ ರಸ್ತೆ ಶುರುವಾಗೋ ಕಡೆ ಇರೋದಾ? ಅಲ್ಲಿಂದ ನನಗ್ಯಾಕೆ ಫೋನು… ಏನು? ಹೆಣ್ಮಗಳಾ? ಕೆಂಪು ಕಾರಾ? ಹಳೇದು, ಒಂದು ಬಾಗಿಲು ಮಾತ್ರ ಬೇರೆ ಥರ ಕೆಂಪು?

…ಹೌದಮ್ಮ. ನನ್ನ ಮಗಳು ಅವಳು. ಅವಳಿಗೇನೂ ಆಗಿಲ್ಲ ತಾನೇ? ಪೆಟ್ಟು ಗಿಟ್ಟು?… ಇಲ್ಲ. ಸರಿ. ಸುಮ್ನೆ ಕೂತಿದ್ದಾಳಾ. ಎಲ್ಲಿ, ಕಾರೊಳಗೇನಾ?… ನೀರು ಕುಡಿದ್ಲಾ?

…ಇದು ನಿಮ್ಮ ಫೋನು ಅಲ್ವಾ? ಸ್ವಲ್ಪ ಹೊತ್ತು ಅವಳ ಕೈಗೆ ಕೊಡಿ ತಾಯಿ, ದಮ್ಮಯ್ಯ ಅಂತೀನಿ. ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀವಿ ಅವಳನ್ನ. ಚಾರ್ಜ್ ಕಡಿಮೆ ಇದ್ರೂ ಪರವಾಗಿಲ್ಲ, ಇರೋಷ್ಟು ಹೊತ್ತು ಇರಲಿ… ಪುಣ್ಯ ಬರಲಿ ನಿಮಗೆ.

…ಉಂಡೇ?

…ಅಮ್ಮ ಮಾತಾಡ್ತಿದ್ದೀನಿ ಕಣೇ. ನನ್ನ ರವೆ ಉಂಡೇ, ಕೇಳಿಸ್ತಿದ್ಯಾ?

…ಹಾಂ. ಹಾಂ, ಹೇಳು.

…ಏನು, ಎಣ್ಣೆನಾ?

…ಇರು, ಇರು. ಇಸ್ತ್ರಿಪೆಟ್ಟಿಗೆ ಆಫ್ ಮಾಡ್ತೀನಿ, ಯಾರದೋ ಮಕ್ಕಳ ಚಡ್ಡಿ ಸುಟ್ಟೀತು… ಹಾಂ, ಈಗ ಹೇಳು. ಎಣ್ಣೆ ದೀಪ ಹತ್ತಿದೆ ಅಂತೀಯಾ. ಕೆಂಪುದು, ಗಿಂಡಿ ಚಿತ್ರ ಇರೋದು. ಹತ್ತಿ ಹಾಗೇ ಇದ್ಯಾ, ಮಿಣುಕ್ತಿದ್ಯಾ?… ಕಾರು ನಿಂತಾಗ ಮಿಣುಕತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಹೋಗತ್ತೆ. ಸರಿ. ಈಗ ಎಂಜಿನ್ ಆಫ್ ಇದ್ಯಾ?… ಒಳ್ಳೇದು ಮಾಡಿದೆ. ಎಂಥಾ ಜಾಣೆ ನನ್ನ ಮಗಳು.

…ಇಲ್ಲ, ನಾನು ಬೈತಿಲ್ಲ. ಬೈಯೋ ದನೀನಾ ಇದು?… ಗೊತ್ತು, ಗೊತ್ತು. ನಿನ್ನ ಫೋನು ದಿಂಬಿನ ಕೆಳಗೆ ಸಿಕ್ತಂತೆ. ಅಳಿಯಂದ್ರು ಬೆಳಿಗ್ಗೆ ಓಡಿ ಬಂದಿದ್ರು, ಕಾಲಲ್ಲಿ ಚಪ್ಪಲಿನೂ ಇರಲಿಲ್ಲ. ಬಸ್ ಸ್ಟ್ಯಾಂಡು, ಆಸ್ಪತ್ರೆ, ನಿನ್ನ ಗೆಳತಿ ಮನೆ, ಎಲ್ಲಾ ಕಡೆ ಸುತ್ತಿದ್ದಾರೆ. ಈಗಲೂ ಸುತ್ತಾ ಇದ್ದಾರೆ.

…ಹೇಳಬಾರದಾ?

…ಸರಿ. ಸಿಕ್ಕಿದ್ದೀಯ, ಚೆನ್ನಾಗಿದ್ದೀಯ, ಅಷ್ಟು ಮಾತ್ರ ಒಂದು ಮೆಸೇಜು ಹಾಕ್ಲಾ? ಎಲ್ಲಿ ಅಂತ ಹೇಳಲ್ಲ… ಅಷ್ಟಕ್ಕೆ ಒಪ್ಪಿಗೆನಾ. ಸರಿ, ನಿಮ್ಮಪ್ಪನ ಕೈಲಿ ಹಾಕಿಸ್ತೀನಿ. ಎಲ್ಲಿ ಅಂತ ನೀನು ಹೇಳು ಅನ್ನೋವರೆಗೂ ಹೇಳಲ್ಲ, ನನ್ನಾಣೆ.

…ಏನ್ರೀ! ಅವರಿಗೆ ಒಂದು ಮೆಸೇಜ್ ಹಾಕ್ರೀ, ಅಳಿಯಂದ್ರಿಗೆ! ಸಿಕ್ಕಿದ್ದಾಳೆ, ಕ್ಷೇಮ ಅಂತ! ಅಷ್ಟೇ!… ಕ್ಷೇಮ, ಕ್ಷೇಮ! ಕ್ಷೌರ ಅಲ್ಲ! ನಿಮ್ಮ ಕಿವಿಗಿಷ್ಟು!… ನಿಮ್ಮಪ್ಪ ಕಣೇ. ಬೆಳಿಗ್ಗೆಯಿಂದ ಕಿಟಕಿ ಹತ್ರಾನೇ ನಿಂತಿದ್ದಾರೆ, ಕಾಲು ನೋವು ಅಂದ್ರೂ ಕೂತಿಲ್ಲ. ಈಗ ಕೂತ್ರು.

…ಉಂಡೇ, ಒಂದು ಕೇಳ್ಲಾ? ಎಲ್ಲಿಗೆ ಹೊರಟಿದ್ದೆ?

…

…ಗೊತ್ತಿಲ್ಲ ಅಂತೀಯಾ. ಹೂಂ.

…ಘಾಟಿ ಹತ್ತಬೇಕು ಅಂತ ಇತ್ತಾ?… ಅದೂ ಗೊತ್ತಿಲ್ಲ. ಸುಮ್ನೆ ಹೊರಟೆ. ಸರಿ ಬಿಡು. ಆಸ್ಪತ್ರೆಯಿಂದ ಬಂದ ಮೇಲೂ ಹೊಲಿಗೆ ಇನ್ನೂ ಒಣಗಿಲ್ಲ, ಕ್ಲಚ್ ಒತ್ತುವಾಗ ನೋಯಲಿಲ್ವೇನೇ?… ನೋವೇ ಗೊತ್ತಾಗ್ತಿಲ್ವಾ.

…ಹೂಂ. ಮಗು ಹೋದಾಗಿಂದ ನಿನಗೆ ಏನೂ ಗೊತ್ತಾಗ್ತಿಲ್ಲ. ನನಗೆ ಕಾಣತ್ತೆ. ಅವತ್ತು ನಾನು ಬಿಸಿ ಲೋಟ ಕೊಟ್ಟಾಗ ಕೈ ಸುಟ್ರೂ ಹಾಗೇ ಹಿಡ್ಕೊಂಡು ಕೂತಿದ್ದೆ ನೀನು.

…ಸರಿ, ಸರಿ. ಆ ಮಾತು ಬೇಡ. ಎಣ್ಣೆ ಮಾತೇ ಆಡೋಣ. ನೀನು ಎಣ್ಣೆ ಕೇಳೋಕೆ ತಾನೇ ಫೋನ್ ಮಾಡಿದ್ದು. ಕೇಳು, ಎಷ್ಟು ಬೇಕಾದ್ರೂ ಕೇಳು. ನಿನಗೆ ಕೊಡೋ ಮುಂಚೆ ಆ ಕಾರು ನನ್ನ ಕೈಲಿ ಎಷ್ಟು ವರ್ಷ ಇತ್ತು. ಯೂನಿಫಾರಂ ಗಂಟು ತುಂಬ್ಕೊಂಡು ಎಷ್ಟು ಶಾಲೆ ಸುತ್ತಿಲ್ಲ ನಾನು ಅದರಲ್ಲಿ. ಅದಕ್ಕೆ ಎಲ್ಲಿ ನೋವು, ಎಲ್ಲಿ ವಾಯು, ಎಲ್ಲಾ ನನಗೆ ಗೊತ್ತು.

…ಕಾರು ಸಮನಾದ ನೆಲದಲ್ಲಿ ನಿಂತಿದ್ಯಾ? ಇಳಿಜಾರಿದ್ರೆ ಎಣ್ಣೆ ಅಳತೆ ಸುಳ್ಳು ಹೇಳತ್ತೆ… ಗಾಳಿ ತುಂಬೋ ಕಡೆ ಇದೆ, ಸಮ ಇದೆ. ಒಳ್ಳೇದು. ಬಾನೆಟ್ ಎತ್ತು. ಸೀಟಿನ ಕೆಳಗಿನ ಪಿನ್ನು ಎಳೆದ್ಯಾ?… ಹಾಂ. ರೇಡಿಯೇಟರ್ ಮುಚ್ಚಳ ಮುಟ್ಟಬೇಡ ಮತ್ತೆ! ಅದು ಮುಖಕ್ಕೆ ಹಾರತ್ತೆ. ಅದರ ಸಹವಾಸಕ್ಕೇ ಹೋಗಬೇಡ. ಎಂಜಿನ್ ಪಕ್ಕದಲ್ಲಿ ಹಳದಿ ಉಂಗುರದ ಕಡ್ಡಿ ಇದೆ ನೋಡು… ಅದೇ. ಎಣ್ಣೆ ಅಳೆಯೋ ಕಡ್ಡಿ. ಈಗಲೇ ಎಳೀಬೇಡ. ಸ್ವಲ್ಪ ಹೊತ್ತು ಹಾಗೇ ಬಿಡು, ಮೇಲಿರೋ ಎಣ್ಣೆಯೆಲ್ಲ ಕೆಳಗಿಳಿದು ಕೂರಲಿ.

…ಹಾಂ, ಕಾಯೋಣ. ನನಗೂ ಬೇರೆ ಕೆಲಸ ಇಲ್ಲ. ಅಂದ್ರೆ, ಇದೆ. ಕುಕ್ಕರ್ ಇಟ್ಟಿದ್ದೀನಿ. ಕೂಗಿದ್ರೆ ಬೆಚ್ಚಬೇಡ.

…ಬೆಳಿಗ್ಗೆ ಏನಾಯ್ತು ಕಂದಾ? ಹೇಳಬೇಕು ಅನ್ಸಿದ್ರೆ ಹೇಳು. ಇಲ್ಲಾಂದ್ರೆ ಬಿಡು.

…ಹೂಂ.

…ಹೂಂ. ಎದ್ದಾಗ ಉಡುಪೆಲ್ಲ ಒದ್ದೆ. ಹಾಲು.

…ಅದು ಬರತ್ತೆ ಮಗಳೇ. ಮೈಗೆ ಗೊತ್ತಾಗಿರಲ್ಲ, ಯಾರೂ ಹೇಳಿರಲ್ಲ ಅದಕ್ಕೆ. ಅದರ ಪಾಡಿಗೆ ಅದು ಕೆಲಸ ಮಾಡತ್ತೆ. ನಿಧಾನಕ್ಕೆ ನಿಲ್ಲತ್ತೆ. ಈಗ ನೋಯ್ತಿದ್ಯಾ? ಗಟ್ಟಿಯಾಗಿದ್ಯಾ?… ತಣ್ಣನೆ ಬಟ್ಟೆ ಒತ್ತಿ ಇಟ್ಕೋಬೇಕು. ಹಿಂಡಬಾರದು. ಆ ಅಂಗಡಿಯಾಕೆ ಹತ್ರ ತಣ್ಣನೆ ನೀರಿನ ಬಾಟಲಿ ಇರತ್ತೆ, ಇಸ್ಕೊಂಡು ಸೆರಗೊಳಗೆ ಒತ್ತಿಟ್ಕೋ… ಇಸ್ಕೊ ಅಂದ್ರೆ ಇಸ್ಕೊ, ನಾಚಿಕೆ ಏನು. ಆಕೆನೂ ಹೆಂಗಸೇ.

…ಅಳಿಯಂದ್ರು ಆಗ ಮಲಗಿದ್ರಾ… ಎಬ್ಬಿಸಬೇಕಿತ್ತು ನೀನು.

…ಯಾಕೆ ಎಬ್ಬಿಸಲಿ ಅಂತೀಯಾ.

…ಹಾಂ, ಹೇಳು, ಕೇಳಿಸ್ಕೋತಾ ಇದ್ದೀನಿ. ಮೊನ್ನೆ ನೀನು ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೆ, ಅವರು ಕಾರಿನ ಕೆಳಗೆ ಮಲಗಿದ್ರು. ಇಡೀ ಮಧ್ಯಾಹ್ನ. ಒಂದು ಮಾತು ಆಡಲಿಲ್ಲ. ಆಮೇಲೆ ಕಾರು ತೊಳೆದ್ರು. ಹಿಂದಿನ ಸೀಟಿಗೆ ಕಟ್ಟಿದ್ದ ಮಗು ಕುರ್ಚಿ ಬಿಚ್ಚಿ ಎಲ್ಲೋ ಇಟ್ರು. ಅದನ್ನೂ ಹೇಳಲಿಲ್ಲ.

…ಇಲ್ಲ, ನಾನು ಅವರ ಪರ ಮಾತಾಡ್ತಿಲ್ಲ. ನಾನು ಬಾಯೇ ಬಿಟ್ಟಿಲ್ಲ. ಉಸಿರು ಬಿಟ್ಟಿದ್ದು ಅದು.

…ಇರು, ಕಾರಿನ ಕೆಳಗೆ ಏನು ಮಾಡಿದ್ರು ಅಂದೆ? ಎಣ್ಣೆ ಬದಲಾಯಿಸಿದ್ರಾ? ಅವರೇ? ಆ ಮನುಷ್ಯ ಕನ್ನಡಕದ ಸ್ಕ್ರೂ ಬಿಟ್ಟು ಬೇರೆ ಸ್ಕ್ರೂ ಮುಟ್ಟಿದವರಲ್ಲ!… ಯಾವ ಎಣ್ಣೆ ಹಾಕಿದ್ರು? ಡಬ್ಬ ಇದ್ಯಾ? ಡಿಕ್ಕಿ ತೆಗೆದು ನೋಡು. ಹೇಗೂ ಕಡ್ಡಿ ಒರೆಸೋಕೆ ಬಟ್ಟೆ ಬೇಕು. ಸ್ಟೆಪ್ನಿ ಕೆಳಗೆ ನಾನು ಕತ್ತರಿಸಿದ ಬಟ್ಟೆ ತುಂಡುಗಳು ಇರತ್ವೆ, ಹಳೇ ಖಾಕಿದು.

…ತೆಗೆದ್ಯಾ?

…ಉಂಡೇ?

…

…ಏನಾಯ್ತೇ? ಏನಿದೆ ಅಲ್ಲಿ?

…ಓ. ಆಸ್ಪತ್ರೆಗೆ ತಗೊಂಡು ಹೋಗಿದ್ದ ಚೀಲ. ಯಾರೂ ಬಿಚ್ಚಿಲ್ಲ. ನಾನು ಮನೆಯೊಳಗೆ ಇದೆ ಅಂದ್ಕೊಂಡಿದ್ದೆ, ಅವರು ನೋಡಿಯೂ ಮುಟ್ಟೋಕಾಗದೆ ಬಿಟ್ಟಿದ್ದಾರೇನೋ.

…ಹೂಂ, ಅದೆಲ್ಲ ಅದರಲ್ಲೇ ಇದೆ. ಟೋಪಿ, ಲಂಗೋಟಿ, ಸುತ್ತೋ ಬಟ್ಟೆ. ಹಳದಿ ಅಂಚಿಂದು. ನಾನೇ ಹೊಲಿದಿದ್ದಲ್ವಾ.

…ಮುಚ್ಚಿಬಿಡು ಡಿಕ್ಕಿ. ಬೇರೆ ಬಟ್ಟೆ ಇಸ್ಕೊಳ್ಳೋಣ ಬಂಕಿನಲ್ಲಿ… ಏನು?… ಖಾಕಿ ತುಂಡು ಇಲ್ವಾ? ತೊಳೆಯುವಾಗ ತೆಗೆದುಬಿಟ್ಟಿದ್ದಾರಾ?

…ಆ ಬಟ್ಟೆಯಿಂದ ಒರೆಸ್ತೀನಿ ಅಂತೀಯಾ?

…ಬೇಡ ಕಂದಾ. ಎಣ್ಣೆ ಕರೆ ಹೋಗಲ್ಲ.

…

…ಹೂಂ. ಹೌದು. ಇನ್ಯಾರಿಗೆ ಅಂತ ಎತ್ತಿಡೋದು ಅಂತೀಯಾ.

…ಒರೆಸು. ಒಂದು ತಗೊ. ಸುತ್ತೋ ಬಟ್ಟೆ ತಗೊ, ಮೆತ್ತನೆ ಹತ್ತಿ ಅದು, ಎಳೆ ಬಿಡಲ್ಲ. ಹೊಲಿದವಳು ನಾನು, ನಾನೇ ಹೇಳ್ತಿದ್ದೀನಿ. ತಪ್ಪೇನಿಲ್ಲ. ಮಿಕ್ಕಿದ್ದು ಅಲ್ಲೇ ಇರಲಿ, ನಿಧಾನಕ್ಕೆ ಇಬ್ರೂ ಕೂತು ನೋಡೋಣ, ಏನು ಮಾಡೋದು ಅಂತ.

…ಹಾಂ, ಆ ಖಾಲಿ ಡಬ್ಬ ಇದ್ಯಾ? ಏನು ಬರೆದಿದೆ ಓದು.

…ಏನಂದೆ? ಇನ್ನೊಂದು ಸಲ ಓದು. ಸೊನ್ನೆ ಡಬ್ಲ್ಯೂ ಇಪ್ಪತ್ತಾ?

…ಅಯ್ಯೋ ದೇವರೇ! ನೀರಿನ ಥರ ತೆಳು ಕಣೇ ಅದು, ನೀರು! ಈಗ ಬಂದಿರೋ ಹೊಸ ಕಾರಿನ ಎಣ್ಣೆ. ನಮ್ಮ ಮುದುಕಿಗೆ ಅದನ್ನ ಹಾಕೋದಾ!

…ನಗ್ತಿಲ್ಲ ಕಣೇ, ಅಳ್ತಾನೂ ಇಲ್ಲ. ಯಾಕೆ ಹಾಕಿದ್ರು ಅಂತ ನನಗೆ ಗೊತ್ತಾಯ್ತು ಈಗ. ಅವರ ಕನ್ನಡಕದ ಅಂಗಡೀಲಿ ನಂಬರ್ ಕಡಿಮೆ ಆದಷ್ಟೂ ಕಣ್ಣು ಚೆನ್ನಾಗಿದೆ ಅಂತ ಲೆಕ್ಕ. ಸೊನ್ನೆ ಅಂದ್ರೆ ಏನೂ ದೋಷ ಇಲ್ಲ, ಕನ್ನಡಕಾನೇ ಬೇಡ. ದಿನಾ ಅದನ್ನೇ ನೋಡಿ ನೋಡಿ, ಎಣ್ಣೆ ಅಂಗಡೀಲೂ ಸೊನ್ನೆ ಹುಡುಕಿದ್ದಾರೆ. ಇರೋದರಲ್ಲಿ ಒಳ್ಳೇದು ಹಾಕೋಣ ಅಂತ. ಅವತ್ತು ಸಂಜೆ ಬಾಗಿಲಲ್ಲಿ ಬಂದು ನಿಂತಿದ್ರು ಕಣೇ, ಮೊಣಕೈವರೆಗೂ ಕಪ್ಪು. ‘ಕಾರಿಗಾದ್ರೂ ಒಂದು ಒಳ್ಳೇದು ಮಾಡಿದೆ ಅತ್ತೆ’ ಅಂದ್ರು. ಏನೋ ತೊಳೆಸಿರಬೇಕು ಅಂದ್ಕೊಂಡು ನಾನು ಸೋಪು ಕೊಟ್ಟು ಕಳಿಸಿದೆ.

…

…ಹಾಂ, ಹಾಗೇ ಅಂದ್ರು. ಕಾರಿಗಾದ್ರೂ ಅಂತ.

…ಇರು, ಕುಕ್ಕರ್ರು… ಹಾಂ. ಹೋಯ್ತು. ಈಗ ಕಡ್ಡಿ ಎಳಿ. ಒರೆಸು. ಮತ್ತೆ ಒಳಗೆ ಹಾಕು, ಪೂರ್ತಿ ಒತ್ತು. ಈಗ ಎಳೆದು ನೋಡು. ತುದಿಯಲ್ಲಿ ಎರಡು ಗೀಟು ಇದ್ಯಲ್ಲಾ, ಎಣ್ಣೆ ಎಲ್ಲೀವರೆಗೂ ಹತ್ತಿದೆ?

…ಕೆಳಗಿನ ಗೀಟಿಗೂ ಮುಟ್ಟಿಲ್ಲ. ಹೂಂ. ಬಣ್ಣ?… ತೆಳು, ಜೇನಿನ ಬಣ್ಣ. ಹೊಸ ಎಣ್ಣೆ, ಆದ್ರೆ ಸ್ವಲ್ಪ ಸೋರಿ ಸ್ವಲ್ಪ ಉರಿದು ಹೋಗಿದೆ. ಹಿಂದೆ ನೀಲಿ ಹೊಗೆ ಬರ್ತಿತ್ತಾ?… ಕನ್ನಡಿ ನೋಡಲೇ ಇಲ್ವಾ. ಹಿಂದೆ ನೋಡದೆ ಅಷ್ಟು ದೂರ ಓಡಿಸಿದ್ಯಾ ತಾಯಿ.

…ಆಯ್ತು ಆಯ್ತು. ಈಗ ಆ ಬಂಕಿನ ಅಂಗಡಿಯಾಕೆಗೆ ಕೇಳು, ಎಣ್ಣೆ ಯಾವ್ಯಾವುದು ಇದೆ ಅಂತ. ಕಂಪನಿ ಯಾವುದಾದ್ರೂ ಇರಲಿ, ನಂಬರ್ ಹೇಳು ನನಗೆ.

…ಐದು ಡಬ್ಲ್ಯೂ ಮೂವತ್ತು. ಇಪ್ಪತ್ತು ಡಬ್ಲ್ಯೂ ಐವತ್ತು. ಇನ್ನೊಂದು?… ಮತ್ತೆ ಯಾರದು ಅಲ್ಲಿ ಗಂಡಸಿನ ದನಿ? ಲಾರಿ ಡ್ರೈವರಾ? ಏನಂತಾನೆ?… ಗೇರ್ ಎಣ್ಣೆ ಹಾಕಿ ಅಂತಾನಾ? ಅಂಟಂಟಾಗಿ ಹಿಡ್ಕೊಳ್ಳತ್ತೆ ಅಂತ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀ ಅಂದನಂತೆ! ಹೇಳು ಅವನಿಗೆ, ಅಣ್ಣಾ ನಿನ್ನ ಲಾರಿಗೆ ಹಾಕ್ಕೊ, ನಮ್ಮ ಎಂಜಿನ್ನಿಗೆ ಬೇಡ ಅಂತ… ನೀನು ಹೇಳಲ್ವಾ? ಫೋನು ಸ್ಪೀಕರಿಗೆ ಹಾಕು, ನಾನು ಹೇಳ್ತೀನಿ.

…ಅಣ್ಣಾ, ನಮಸ್ಕಾರ. ಕೇಳಿಸ್ತಾ? ನಿಮ್ಮ ಸಲಹೆ ಒಳ್ಳೇ ಮನಸ್ಸಿಂದು, ತಪ್ಪು ತಿಳಿಯಬೇಡಿ. ಗೇರ್ ಎಣ್ಣೆ ಗೇರಿಗೇ ಇರಲಿ… ಹಾಂ ಹಾಂ, ನೀವು ನೂರು ಗಾಡಿ ನೋಡಿರಬಹುದು, ನಾನು ಒಂದೇ ಗಾಡಿ ನೂರು ಸಲ ನೋಡಿದ್ದೀನಿ… ನಗಿ ನಗಿ. ನನ್ನ ಮಗಳು ಹುಷಾರಿಲ್ಲದವಳು ಅಣ್ಣಾ, ಎಣ್ಣೆ ಹುಯ್ಯುವಾಗ ಸ್ವಲ್ಪ ಡಬ್ಬ ಹಿಡಿದುಕೊಡಿ ಸಾಕು. ಅವಳು ಭಾರ ಎತ್ತಬಾರದು.

…ಉಂಡೇ, ಸ್ಪೀಕರ್ ತೆಗಿ. ಹಾಂ. ಒಪ್ಕೊಂಡ ನೋಡು, ಒಳ್ಳೆಯವನೇ.

…ಇಲ್ಲ, ಐದು-ಮೂವತ್ತೂ ಬೇಡ. ಅದು ಇನ್ನೂ ತೆಳುವೇ. ಯಾಕೆ ಅಂತಾ? ಹೇಳ್ತೀನಿ ಕೇಳು. ಡಬ್ಬದ ಮೇಲೆ ಎರಡು ನಂಬರ್ ಇರತ್ತಲ್ಲಾ. ಡಬ್ಲ್ಯೂ ಮುಂದಿನದು, ಅಂದ್ರೆ ಮೊದಲನೆಯದು, ಎಂಜಿನ್ ತಣ್ಣಗಿದ್ದಾಗಿಂದು. ಬೆಳಿಗ್ಗೆ ಎದ್ದಾಗ ಎಣ್ಣೆ ಎಷ್ಟು ಬೇಗ ಹರಿದು ಮೇಲೆ ಹತ್ತತ್ತೆ ಅನ್ನೋದು. ಕಡಿಮೆ ಇದ್ರೆ ಬೇಗ ಹರಿಯತ್ತೆ. ಎರಡನೆಯದು ಬಿಸಿಯಾದ ಮೇಲಿಂದು. ಕಾದು ಕಾದು ಎಣ್ಣೆ ತೆಳುವಾಗತ್ತಲ್ಲ, ಆಗ ಎಷ್ಟು ಮಂದ ಉಳ್ಕೊಳ್ಳತ್ತೆ ಅನ್ನೋದು. ನಮ್ಮ ಕಾರಿಗೆ ವಯಸ್ಸಾಗಿದೆ. ಒಳಗೆ ಲೋಹ ಲೋಹ ಉಜ್ಜಿ ಉಜ್ಜಿ ಸಂದು ದೊಡ್ಡದಾಗಿದೆ. ತೆಳು ಎಣ್ಣೆ ಆ ಸಂದಲ್ಲಿ ನಿಲ್ಲಲ್ಲ, ಜಾರಿ ಹೋಗತ್ತೆ. ಒತ್ತಡ ಸಾಲದೆ ದೀಪ ಮಿಣುಕತ್ತೆ. ಹಳೇ ಎಂಜಿನ್ನಿಗೆ ಆ ಎರಡನೇ ನಂಬರು ಗಟ್ಟಿ ಇರಬೇಕು.

…ಇಲ್ಲಮ್ಮ. ನಾನು ಎಣ್ಣೆ ವಿಷಯಾನೇ ಹೇಳ್ತಿರೋದು. ನಿನ್ನ ವಿಷಯ ಅಲ್ಲ. ನಿನಗೆ ಬುದ್ಧಿ ಹೇಳಬೇಕಾದ್ರೆ ನೇರವಾಗೇ ಹೇಳ್ತಿದ್ದೆ, ಎಣ್ಣೆ ಡಬ್ಬ ಯಾಕೆ ಬೇಕು ನನಗೆ!

…ಹೂಂ… ನಕ್ಕೆಯಾ? ಮೂಗಿಂದ ಗಾಳಿ ಬಿಟ್ಟೆ ಅಷ್ಟೇ ಅಂತೀಯಾ. ಸರಿ, ಅಷ್ಟಾದ್ರೂ ಬಿಟ್ಯಲ್ಲ.

…ಹಾಂ, ಹಾಗಾದ್ರೆ ಎಲ್ಲಕ್ಕಿಂತ ಮಂದದ್ದೇ ಹಾಕಿಬಿಡಬಹುದಲ್ಲಾ ಅಂದ್ರೆ, ಅದೂ ಅಲ್ಲ. ನಮ್ಮ ಮೆಕ್ಯಾನಿಕ್ ಯಾವಾಗ್ಲೂ ಹೇಳ್ತಿದ್ದ, ಮಂದ ಜಾಸ್ತಿಯಾದ್ರೆ ಬೆಳಿಗ್ಗೆ ಮೇಲಕ್ಕೆ ಹತ್ತೋಕೆ ಹೊತ್ತಾಗತ್ತೆ, ಅಷ್ಟರಲ್ಲಿ ಮೇಲಿನ ಭಾಗ ಒಣಗಿ ಸವೆಯತ್ತೆ ಅಂತ. ನಮ್ಮ ಕಾರಿಗೆ ಕಂಪನಿಯವರು ಹೇಳಿರೋದು ಹದಿನೈದು ಡಬ್ಲ್ಯೂ ನಲವತ್ತು. ನಾನು ಹಾಕಿಸ್ತಿದ್ದಿದ್ದೂ ಅದೇ. ಅಲ್ಲಿ ಇದ್ಯಾ ಕೇಳು.

…ಖಾಲಿಯಾಗಿದೆ. ಸರಿ. ಇಪ್ಪತ್ತು-ಐವತ್ತು ತಗೊ. ಒಳಗೆ ಇರೋದು ನೀರು, ಅದರ ಜೊತೆ ಈ ಮಂದದ್ದು ಸೇರಿದ್ರೆ ನಡುವೆ ಎಲ್ಲೋ ಬಂದು ಕೂರತ್ತೆ. ದಾರಿ ಮಟ್ಟಿಗೆ ಸಾಕು. ಎರಡು ಬೇರೆ ಬೇರೆ ಎಣ್ಣೆ ಬೆರೆಸಿದ್ರೆ ಸಿಡಿಯಲ್ಲ, ಹೆದರಬೇಡ. ಆಮೇಲೆ ಎಲ್ಲಾ ತೆಗೆಸಿ ಸರಿಯಾದದ್ದು ಹಾಕಿಸೋಣ. ಪೆಟ್ರೋಲ್ ಕಾರಿಂದೇ ತಾನೇ, ಡಬ್ಬದ ಮೇಲೆ ನೋಡು… ಹಾಂ.

…ಚಿಕ್ಕ ಡಬ್ಬ ಸಾಕು. ಎಂಜಿನ್ ಮೇಲೆ ಗಿಂಡಿ ಚಿತ್ರದ ಮುಚ್ಚಳ ಇದೆ, ತಿರುಗಿಸು. ಬಿಸಿ ಇರತ್ತೆ, ಆ ಬಟ್ಟೆಯಿಂದಲೇ ಹಿಡ್ಕೊ. ಆ ಅಣ್ಣ ಹುಯ್ಯಲಿ. ಕೊಳವೆ ಇಲ್ಲಾಂದ್ರೆ ಪೇಪರ್ ಸುತ್ತಿ ಹಿಡಿ. ಅರ್ಧ ಹುಯ್ದು ನಿಲ್ಲಿಸೋಕೆ ಹೇಳು. ಮೇಲಿನ ಗೀಟು ದಾಟಬಾರದು. ಅತಿಯಾದ್ರೆ ಅಮೃತಾನೂ ವಿಷ, ಎಣ್ಣೆ ಜಾಸ್ತಿ ಆದ್ರೂ ನೊರೆ ಬಂದು ಕೆಡತ್ತೆ.

…ಹುಯ್ತಿದ್ದಾನಾ. ಸರಿ. ನೀನು ಅಲ್ಲಿ ಎಲ್ಲಾದ್ರೂ ಕೂರು. ಕಲ್ಲು, ಟೈರು, ಏನಾದ್ರೂ. ಕೂತ್ಯಾ?

…ಹೇಳು.

…ಹೂಂ.

…ಮುಖ ಹೇಗಿತ್ತು ಅಂತಾನಾ.

…ನೀನು ನೋಡಲೇ ಇಲ್ವಾ? ತೋರಿಸಿದ್ರಲ್ಲೇ ನರ್ಸು… ಕಣ್ಣು ಮುಚ್ಕೊಂಡಿದ್ಯಾ. ಇಷ್ಟು ದಿನ ನಾನು ನೋಡಿದ್ದೀಯ ಅಂತಲೇ ಅಂದ್ಕೊಂಡಿದ್ದೆ.

…ನಾನು ನೋಡಿದೆ. ಎತ್ತಿಕೊಂಡೂ ಇದ್ದೆ ಸ್ವಲ್ಪ ಹೊತ್ತು. ಹೇಳ್ಲಾ? ಈಗಲೇ ಹೇಳ್ಲಾ, ಇಲ್ಲಾ ಎದುರಿಗೆ ಕೂತಾಗ…

…ಈಗಲೇ. ಸರಿ.

…ಹಣೆ ನಿಂದು. ಅಗಲ. ಕೂದಲು ತುಂಬಾ ಇತ್ತು, ಒದ್ದೆಯಾಗಿ ಅಂಟ್ಕೊಂಡಿತ್ತು. ಮೂಗು ಯಾರದೂ ಅಲ್ಲ, ಅವಳದೇ. ಕೆಳತುಟಿ ಸ್ವಲ್ಪ ಮುಂದೆ, ನಿಮ್ಮಪ್ಪ ಮುನಿಸ್ಕೊಂಡಾಗ ಮಾಡ್ತಾರಲ್ಲ ಹಾಗೆ. ಉಗುರು ಉದ್ದ. ಆಸ್ಪತ್ರೆಯವರು ಸುತ್ತಿದ್ದ ಬಟ್ಟೆ ಎಳೆ ಅದಕ್ಕೆ ಸಿಕ್ಕಾಕ್ಕೊಂಡಿತ್ತು, ನಾನೇ ಬಿಡಿಸಿದೆ. ಅಳಿಯಂದ್ರೂ ಎತ್ತಿಕೊಂಡಿದ್ರು. ಅವರು ಕನ್ನಡಕ ತೆಗೆದಿಟ್ಟು ಎತ್ತಿಕೊಂಡ್ರು. ಯಾಕೆ ಅಂತ ಕೇಳಿದ್ರೆ, ಫ್ರೇಮು ತಣ್ಣಗಿರತ್ತೆ, ಮಗು ಮುಖಕ್ಕೆ ತಾಗೀತು ಅಂದ್ರು.

…

…ಇದ್ದೀಯಾ?

…ಹೂಂ. ಇರು. ಮಾತಾಡಬೇಡ ಬೇಕಾದ್ರೆ. ನಾನು ಇಲ್ಲೇ ಇದ್ದೀನಿ.

…

…ಹಾಂ? ಅರ್ಧ ಆಯ್ತಾ? ಕಡ್ಡಿ ನೋಡು… ಎರಡು ಗೀಟಿನ ನಡುವೆ. ಇನ್ನು ಸ್ವಲ್ಪ ಹುಯ್ಯೋಕೆ ಹೇಳು, ಒಂದು ಲೋಟದಷ್ಟು. ಮುಚ್ಚಳ ಬಿಗಿ ತಿರುಗಿಸೋಕೆ ಮರೀಬೇಡಿ. ನಿಮ್ಮಪ್ಪ ಒಂದು ಸಲ ಮರೆತು ಊರಿಗೆಲ್ಲ ಎಣ್ಣೆ ಸಿಂಪಡಿಸಿದ್ರು.

…ಈಗ ಸ್ಟಾರ್ಟ್ ಮಾಡು. ಗೇರ್ ನ್ಯೂಟ್ರಲ್. ಫೋನು ಆ ಅಂಗಡಿಯಾಕೆ ಕೈಲಿ ಕೊಟ್ಟು ಎಂಜಿನ್ ಹತ್ರ ಹಿಡಿಯೋಕೆ ಹೇಳು, ನಾನು ಕೇಳಿಸ್ಕೋತೀನಿ.

…ಹಾಂ ತಾಯಿ, ಹಿಡೀರಿ. ಇನ್ನೂ ಹತ್ರ, ಫ್ಯಾನಿಗೆ ಸೆರಗು ತಾಗಿಸಬೇಡಿ…

…ಟಿಕ್ ಟಿಕ್ ಅಂತಿದೆ. ಇರಲಿ, ಎಣ್ಣೆ ಮೇಲೆ ಹತ್ತಬೇಕು… ಕಡಿಮೆಯಾಯ್ತು. ಹಾಂ, ಹೋಯ್ತು. ಹೋಯ್ತು ನೋಡಿ. ಈ ಸದ್ದು ನನಗೆ ಗೊತ್ತು, ಇದು ನಮ್ಮ ಕಾರೇ. ಸ್ವಲ್ಪ ಹೊತ್ತು ಹೀಗೇ ಓಡಲಿ, ಬಿಸಿಯಾಗಲಿ… ಏನು ತಾಯಿ? ಬ್ಯಾಟರಿ ಮುಗೀತಾ ಬಂತಾ? ಆಯ್ತು, ಆಯ್ತು. ಅವಳಿಗೆ ಕೊಡಿ.

…ಉಂಡೇ. ದೀಪ?… ಆರಿದೆ. ನಿಂತಲ್ಲೇ ಬಿಸಿಯಾದ್ರೂ ಮಿಣುಕ್ತಿಲ್ಲ ಅಲ್ವಾ? ಸರಿ. ಗೆದ್ದೆವು.

…ಏನು?

…ಈ ಎಣ್ಣೆ ಎಷ್ಟು ದೂರ ಹೋಗತ್ತೆ ಅಂತಾ.

…

…ಮನೆವರೆಗೆ ಮಾತ್ರ, ಆಮೇಲೆ ಒಂದು ಹೆಜ್ಜೆನೂ ಆಗಲ್ಲ ಅಂತ ಹೇಳೋಣ ಅಂತ ನಾಲಿಗೆ ತುದೀಲಿ ಇದೆ ಕಣೇ. ಹೇಳಲ್ಲ. ಘಾಟಿ ಹತ್ತಿ ಆಚೆಗೂ ಹೋಗತ್ತೆ. ಕಡ್ಡಿ ನೋಡ್ಕೊಂಡು, ಮಿಕ್ಕಿದ ಎಣ್ಣೆ ಜೊತೇಲಿ ಇಟ್ಕೊಂಡು ಹೋದ್ರೆ ಬೇಕಾದಲ್ಲಿಗೆ ಹೋಗತ್ತೆ. ಕಾರು ನಿನ್ನನ್ನ ತಡೆಯಲ್ಲ. ನನಗೂ ಇಲ್ಲಿ ಕೂತು ತಡೆಯೋಕಾಗಲ್ಲ.

…ನನಗೆ ನೀನು ಬೇಕು, ಅಷ್ಟೇ. ಇದು ಎಣ್ಣೆ ಮಾತಲ್ಲ.

…

…ಏನಂದೆ? ಜೋರಾಗಿ ಹೇಳು, ಎಂಜಿನ್ ಸದ್ದು.

…ನಾನು ಅಲ್ಲಿಗೆ ಬರಬೇಕಾ? ಬರ್ತೀನಿ ಕಂದಾ, ಅಲ್ಲೇ ಇರು. ಗಾಳಿ ತುಂಬೋ ಕಡೆಯಿಂದ ಅಲ್ಲಾಡಬೇಡ. ನೀನು ಓಡಿಸಬೇಡ ಇನ್ನು. ನಾನು ಓಡಿಸ್ಕೊಂಡು ಬರ್ತೀನಿ ವಾಪಸ್ಸು.

…ನಾನೊಬ್ಬಳೇ ಬರಲಾ?

…

…ಅವರಿಗೂ ಹೇಳ್ಲಾ? ಎಲ್ಲಿ ಅಂತ ಹೇಳ್ಲಾ?… ಸರಿಯಾಗಿ ಹೇಳು, ಆಣೆ ಇಟ್ಟಿದ್ದೀನಿ ನಾನು… ಹಾಂ. ಹೂಂ, ಕೇಳಿಸ್ತು. ಮಗೂನ ಎತ್ತಿಕೊಂಡಿದ್ದನ್ನ ಅವರ ಬಾಯಲ್ಲೇ ಕೇಳಬೇಕು. ಹೇಳ್ತೀನಿ. ಕರ್ಕೊಂಡು ಬರ್ತೀನಿ.

…ಏನ್ರೀ! ಅಳಿಯಂದ್ರಿಗೆ ಫೋನ್ ಮಾಡಿ, ಬಸ್ ಸ್ಟ್ಯಾಂಡಿಗೆ ಬರೋಕೆ ಹೇಳಿ! ಘಾಟಿ ಬಂಕು, ಘಾಟಿ! ಒಲೆ ಆರಿಸಿಬಿಡಿ! ನೀವು ಮನೇಲಿರಿ!… ಚಪ್ಪಲಿ ಹಾಕ್ಕೋತಾ ಇದ್ದೀನಿ ಉಂಡೇ. ಫೋನ್ ಇಡಲ್ಲ.

…ಉಂಡೇ? ಏನದು ಸದ್ದು?

…ಅಳ್ತಿದ್ದೀಯಾ?

…ಅಳು. ಅಳು ಕಂದಾ, ಇಷ್ಟು ದಿನಕ್ಕೆ. ಯಾರು ನೋಡಿದ್ರೇನು, ಲಾರಿಯವನು ನೋಡಿದ್ರೆ ನೋಡಲಿ. ಮೊದಲು ಎಂಜಿನ್ ಆಫ್ ಮಾಡು, ಸುಮ್ನೆ ಯಾಕೆ ಓಡಬೇಕು. ಆಫ್ ಮಾಡಿ ಅಳು.

…ಮಾಡಿದ್ಯಾ? ಹಾಂ, ಈಗ ಕೇಳಿಸ್ತಿದೆ ನೀನು ಅಳೋದು. ಚೆನ್ನಾಗಿ ಕೇಳಿಸ್ತಿದೆ. ನಾನು ಬೀದಿಗೆ ಬಂದೆ. ಇಗೋ, ತಿರುವು ದಾಟಿದೆ. ಬಸ್ಸು ನಿಂತಿದೆ, ಹತ್ತಿಬಿಡ್ತೀನಿ, ನೀನು ಅಲ್ಲೇ… ಹಲೋ?

…ಹಲೋ? ಉಂಡೇ?